ಗಿಳಿಗೊಂದು ನೌಕರಿ

ಕೊಪ್ಪಳ ಜಿಲ್ಲೆಯವರಿಗೆ ಆಟಿಕೆಯ ಪಾಠ ಹೇಳಲು ಹೊರಗಿನವರು ಬರಬೇಕಿಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಬಣ್ಣ ಬಳಿದ ಗೊಂಬೆಗಳಿಗೆ ಜಿಐ ಮಾನ್ಯತೆಯೇ ಸಿಕ್ಕಿದೆ. ಭಾನಾಪುರದಲ್ಲಿ ಆಟಿಕೆಗೆಂದೇ 400 ಎಕರೆಯ ಕ್ಲಸ್ಟರ್ ಎದ್ದಿದೆ. ಇಂಥ ಜಿಲ್ಲೆಯಲ್ಲಿದ್ದುಕೊಂಡು ಗಿಳಿಯ ಆಟಿಕೆಯನ್ನು ಆನ್‌ಲೈನಿನಲ್ಲಿ ತರಿಸುವುದು ಊರಿಗೇ ಅವಮಾನ ಎಂಬುದು ನನ್ನ ಹೆಂಡತಿಯ ವಾದ. ಊರಿನ ಮಾನಕ್ಕಿಂತ ಮನೆಯ ರೊಕ್ಕದ ಚಿಂತೆ ಆಕೆಗೆ ಹೆಚ್ಚು ಎಂಬುದು ಬೇರೆ ಮಾತು.

ನಮ್ಮದು ಕಾಕಟೀಲ್. ಬೂದು ಮೈ, ಕಿತ್ತಳೆ ಕೆನ್ನೆ, ತಲೆ ಮೇಲೊಂದು ಜುಟ್ಟು. ಮೂಲ ಆಸ್ಟ್ರೇಲಿಯಾ. ನೋಡಲು ಬಂದವರಿಗೆಲ್ಲ ಒಂದೇ ನಿರಾಶೆ: "ಹಸರಿಲ್ಲ, ಮಾತಿಲ್ಲ, ಇದ್ಯಾವ ಗಿಣೀರೀ ಸರ?" ನಮ್ಮ ಹಸಿರು ಗಿಳಿಯನ್ನು ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯವರು ಮನೆಗೆ ಬರುತ್ತಾರೆ ಎಂದು ವಿವರಿಸಿದೆ. ಯಲಬುರ್ಗಾ ಕಡೆಯ ನಮ್ಮ ಸೋದರಮಾವ ಸುಮ್ಮನಿರಲಿಲ್ಲ. "ಅವು ನಮ್ಮ ಹೊಲಕ್ಕ ದಿನಾ ಬರ್ತಾವಲ್ಲೋ ಅಳಿಯಾ, ಆವಾಗ ಅವರೆಲ್ಲಿ ಹೋಗಿರ್ತಾರ?"

ಮಾವನ ಸಿಟ್ಟಿಗೆ ಕಾರಣವಿದೆ. ಸೂರ್ಯಕಾಂತಿ ಕಾಳು ಕಟ್ಟುವ ಹೊತ್ತಿಗೆ ಅವರು ಅಟ್ಟ ಹತ್ತಿ ಖಾಲಿ ಡಬ್ಬ ಬಡಿಯುತ್ತಾರೆ, ಕವಣೆ ಬೀಸುತ್ತಾರೆ. ಕುಷ್ಟಗಿಯಲ್ಲಿ ದಾಳಿಂಬೆ ಗಿಡಕ್ಕೆ ಬಲೆ, ಗಂಗಾವತಿಯಲ್ಲಿ ಭತ್ತದ ಗದ್ದೆಗೆ ಮಿಂಚುವ ರಿಬ್ಬನ್ನು. ಹಕ್ಕಿಗಳ ಕಳ್ಳತನ ತಡೆಯಲು ಜಿಲ್ಲೆಯೇ ಟೊಂಕ ಕಟ್ಟಿ ನಿಂತಿರುವಾಗ ನಾನು ಮನೆಯಲ್ಲಿ ಕೂತು ಗಿಳಿಗೆ ಕಳ್ಳತನ ಕಲಿಸುತ್ತಿದ್ದೇನೆ.

ಕಲಿಸದಿದ್ದರೆ ಗತಿಯಿಲ್ಲ. ಬಯಲಿನ ಗಿಳಿಗೆ ಹೊಟ್ಟೆಪಾಡೇ ದಿನದ ದುಡಿಮೆ: ಹುಡುಕಬೇಕು, ಸುಲಿಯಬೇಕು, ಒಡೆಯಬೇಕು, ನಡುವೆ ಮಾವನ ಕಲ್ಲು ತಪ್ಪಿಸಬೇಕು. ಪಂಜರದ್ದಕ್ಕೆ ಬಟ್ಟಲಲ್ಲೇ ಕಾಳು. ಊಟ ಮುಗಿದರೆ ದಿನವೆಲ್ಲ ಬಿಡುವು. ನಿವೃತ್ತರಾದ ಹೆಡ್ ಗುಮಾಸ್ತರು ಮನೆಮಂದಿಯ ಮೇಲೆ ಹರಿಹಾಯುವಂತೆ ಅದು ಕಿರುಚಾಡುತ್ತದೆ, ಬೇಸರ ಹೆಚ್ಚಾದರೆ ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ನೌಕರಿ.

ಹಾಗಾಗಿ ನಮ್ಮ ಪಡಸಾಲೆಯೀಗ ಉದ್ಯೋಗ ವಿನಿಮಯ ಕೇಂದ್ರ. ಒಣಗಿದ ಮೆಕ್ಕೆಜೋಳದ ಸಿಪ್ಪೆಯೊಳಗೆ ನಾಲ್ಕು ಕಾಳಿಟ್ಟು ಮಡಚಿ, ಅದೇ ಸಿಪ್ಪೆಯ ಎಳೆಯಿಂದ ಕಟ್ಟಿದರೆ ಒಂದು ಪೊಟ್ಟಣ. ನಾರು ಕೆರೆದ ತೆಂಗಿನ ಚಿಪ್ಪಿನಲ್ಲಿ ಕಾಗದದ ಉಂಡೆಗಳು, ಯಾವುದೋ ಒಂದರಲ್ಲಿ ಮಾತ್ರ ಬಹುಮಾನ. ಕೂರಲು ತೊಳೆದು ಒಣಗಿಸಿದ ಬೇವಿನ ಟೊಂಗೆ. ಔಷಧಿ ಹೊಡೆದ ಹೊಲದ ಕಡ್ಡಿಯೂ ಪಂಜರದ ಹತ್ತಿರ ಸುಳಿಯಬಾರದು. ಸತುವಿನ ಲೇಪದ ತಂತಿ, ಸ್ಟೇಪ್ಲರ್ ಪಿನ್ನು, ಅಂಟುಪಟ್ಟಿ ನಿಷಿದ್ಧ; ಸತು, ಸೀಸ ಎರಡೂ ಹಕ್ಕಿಗೆ ವಿಷ. ಸಡಿಲ ದಾರ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಸಿಕ್ಕುತ್ತದೆ. ಕಿನ್ನಾಳದ ಗೊಂಬೆಗೂ ಪ್ರವೇಶವಿಲ್ಲ: ಬಣ್ಣ ನಮ್ಮ ಕಣ್ಣಿಗೆ, ಗಿಳಿಗೆ ಗೊತ್ತಿರುವುದು ಕಚ್ಚುವುದೊಂದೇ.

ಕಾರ್ಖಾನೆಯವರಿಗೆ ಆಟಿಕೆ ಮುರಿದರೆ ದೂರು, ನನಗೆ ಮುರಿಯದಿದ್ದರೆ ದೂರು. ಸಂಜೆಯೆಲ್ಲ ಕೂತು ಕಟ್ಟಿದ್ದು ಬೆಳಿಗ್ಗೆ ಚಿಂದಿಯಾಗಿ ಬಿದ್ದಿದ್ದರೆ ಅದು ಪಾಸು.

ಪೇಟೆಯಲ್ಲಿ ಗಿಳಿಗಳಿಗೆಂದು ಡಬ್ಬಿಯಲ್ಲಿಟ್ಟು ಮಾರುವ ತೆನೆಯನ್ನು ಮಾವನಿಗೆ ತೋರಿಸಿದೆ. ಮೂಸಿದರು, ತಿಕ್ಕಿದರು, ಬೆಲೆ ಓದಿದರು. "ಇದು ನಮ್ಮ ನವಣಿ ತೆನಿನ ಅಲ್ಲೇನೋ? ಇದಕ್ಕ ಇಷ್ಟ್ ರೊಕ್ಕಾನ?" ಮುಂದಿನ ಸಲ ಚೀಲದ ತುಂಬ ನವಣೆ ತೆನೆ ಬಂತು, ಔಷಧಿ ಮುಟ್ಟದ್ದು. ನಾನು ಕಟ್ಟಿದ ಪೊಟ್ಟಣ ನೋಡಿ ಮೂಗು ಮುರಿದರು. "ಇಷ್ಟ್ ಸಡಿಲ ಕಟ್ಟಿದ್ರ ಗಿಣಿಗೆ ಮರ್ಯಾದಿ ಏನ್ ಉಳೀತು?" ಎಂದು ತಾವೇ ಬಿಗಿದರು. ಅಟ್ಟದ ಮೇಲೆ ಕೂತು ವರ್ಷಗಟ್ಟಲೆ ಕಳ್ಳರ ಕೊಕ್ಕು ನೋಡಿದವರ ಗಂಟು ಅದು. ಬಿಚ್ಚಲು ನಮ್ಮ ಕಾಕಟೀಲ್ ಜುಟ್ಟು ನಿಮಿರಿಸಿ ಮಧ್ಯಾಹ್ನವೆಲ್ಲ ಹೆಣಗಿತು. ಮಾವ ಕಣ್ಣು ಕೀಳದೆ ನೋಡಿ, ಕೊನೆಗೆ ನನ್ನತ್ತ ತಿರುಗಿದರು.

"ಅಳಿಯಾ, ಇಂಥಾವು ಒಂದ್ ಸಾವಿರ ಕಟ್ಟಿಕೊಡು. ಹೊಲದ ಬದುವಿಗೆ ತೂಗ ಹಾಕ್ತೀನಿ. ಅವು ಆಟ ಆಡಿಕೋಂತ ಕುಂದರ್ಲಿ, ಅಷ್ಟರಾಗ ನಾ ರಾಶಿ ಮುಗಸ್ತೀನಿ."