ಹೊಳವಾದರೆ ಹಿತ್ತಲಿಗೆ

ಮಲೆನಾಡಿನಲ್ಲಿ ತರಕಾರಿ ಬೆಳೆಯುತ್ತೇನೆಂದು ಹೊರಟವರಿಗೆ ಎರಡು ಪಂಚಾಂಗ ಬೇಕು. ಒಂದು ಗೋಡೆಯ ಮೊಳೆಗೆ ನೇತಾಡುವುದು, ಇನ್ನೊಂದು ಆಚೆಮನೆ ಅತ್ತಿಗೆಯ ಬಾಯಲ್ಲಿರುವುದು. ಗೋಡೆಯ ಪಂಚಾಂಗ ಮೃಗಶಿರ ಮಳೆ ಜೂನ್ 8ರ ಸುಮಾರಿಗೆ ಹುಟ್ಟುತ್ತದೆ ಎಂದು ಹೇಳಿ ಸುಮ್ಮನಾಗುತ್ತದೆ. ಅತ್ತಿಗೆ ಸುಮ್ಮನಾಗುವವರಲ್ಲ. "ಬೆಂಡೆ ಬೀಜ ರೋಹಿಣಿಲೇ ಹಾಕಿಬಿಡಿ ಮಾರಾಯ್ರೆ. ಆರಿದ್ರೆ ಹಿಡಿಯೋಷ್ಟರಲ್ಲಿ ನಾಲ್ಕು ಎಲೆ ಬಿಟ್ಟಿರ್ಬೇಕು. ಇಲ್ದಿದ್ರೆ ನಿಮ್ಮ ಬೀಜ ಕೆಳಗಿನ ಗದ್ದೇಲಿ ಹುಟ್ತದೆ" ಎನ್ನುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುವ ಲೆಕ್ಕದಲ್ಲಿ ಬರುವ ಈ ಮಳೆಗಳ ಹೆಸರೆಲ್ಲ ನನಗೂ ಬಾಯಿಪಾಠವೇ. ಆದರೆ ನನ್ನ ಬಾಯಿಪಾಠ ಕೇಳಿ ಒಂದು ಬೆಂಡೆಗಿಡವೂ ಮೊಳೆತದ್ದಿಲ್ಲ.

ಪೇಟೆಯ ನೆಂಟರು "ನಿಮಗೇನ್ರೀ, ನೀರು ಹಾಕೋ ಕೆಲಸವೇ ಇಲ್ಲ" ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ನೀರು ಹಾಕುವ ಕೆಲಸವಿಲ್ಲ, ನಿಜ. ನೀರು ತೆಗೆಯುವ ಕೆಲಸವಿದೆ. ಎರಡು ದಿನ ಪಾತಿಯಲ್ಲಿ ನೀರು ನಿಂತರೆ ಬದನೆಗಿಡ ಬೇಸಿಗೆಯಲ್ಲಿ ಬಾಡಿದಂತೆಯೇ ಬಾಡಿ ಕೂರುತ್ತದೆ. ಬೇರಿಗೂ ಉಸಿರು ಬೇಕಲ್ಲ! ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರೇ ಹಿಡಿದುಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ, ಆಮೇಲೆ ಅದು ಕಾಲಬುಡದ ನೀರನ್ನೂ ಎತ್ತಲಾರದು. ಅದಕ್ಕೇ ನಮ್ಮಲ್ಲಿ ಮಳೆಗಾಲದ ತರಕಾರಿಗೆ ಏರುಮಡಿ ಮಾಡಿ, ಪಕ್ಕದಲ್ಲಿ ಕಾಲುವೆ ತೆಗೆಯುವುದು. ಆದರೂ ಮಣ್ಣಿನ ಸಾರಜನಕ ಮಳೆನೀರಿನ ಜೊತೆ ತೊಳೆದುಹೋಗಿ ಎಲೆ ಹಳದಿಯಾಗುತ್ತದೆ. ಬುಟ್ಟಿಗಟ್ಟಲೆ ಹೊತ್ತು ಹಾಕಿದ ನಮ್ಮ ಕೊಟ್ಟಿಗೆಗೊಬ್ಬರ ಇಳಿಜಾರು ಹಿಡಿದು ಅತ್ತಿಗೆಯ ಬಸಳೆ ಚಪ್ಪರದ ಬುಡ ಸೇರುತ್ತದೆ. ಅವರ ಬಸಳೆ ದಂಟು ಹೆಬ್ಬೆರಳಿಗಿಂತ ದಪ್ಪ. ಎಲ್ಲ ಅವರ ಕೈಗುಣ ಎಂದು ಊರು ನಂಬಿದೆ. ನಾನೂ ತಲೆಯಾಡಿಸುತ್ತೇನೆ, ಏಕೆಂದರೆ ವಾರಕ್ಕೊಂದು ಕಟ್ಟು ಬಸಳೆ ನಮ್ಮ ಮನೆಗೂ ಬರುತ್ತದೆ.

ಇಷ್ಟಾದರೂ ಒಂದೇ ಸಮನೆ ಹೊಯ್ಯುವ ಮಳೆಯನ್ನು ನಾನು ಬೈಯುವುದಿಲ್ಲ. ಅದು ಹೇಳಿ ಬಂದ ಶತ್ರು. ಬಂದು ಹೋಗಿ ಮಾಡುವ ಮಳೆಯನ್ನು ನಂಬಬಾರದು. ಮೂರು ದಿನ ಕವುಚಿಕೊಂಡಿದ್ದ ಆಕಾಶ ಬೆಳಿಗ್ಗೆ ಹೊಳವಾಯಿತೆಂದು ಗುದ್ದಲಿ ಹಿಡಿದು ಇಳಿದರೆ, ಮಡಿ ತಲುಪುವಷ್ಟರಲ್ಲಿ ಮತ್ತೆ ಪಟಪಟ. ಒಳಗೆ ಬಂದು ಅಂಗಿ ಬದಲಿಸಿದರೆ ಬಿಸಿಲು. ಎಲೆಯ ಮೇಲೆ ನೀರು ಓಡುತ್ತಿರುವಷ್ಟು ದಿನ ಬೂದಿ ರೋಗಕ್ಕೆ ನೆಲೆ ಸಿಗುವುದು ಕಷ್ಟ. ಎಲೆ ಆರಿ ಗಾಳಿಯಲ್ಲಿ ಮಾತ್ರ ತೇವ ಉಳಿದರೆ, ಸೌತೆಬಳ್ಳಿಗೆ ಯಾರೋ ಅಕ್ಕಿಹಿಟ್ಟು ಉದುರಿಸಿ ಹೋದ ಹಾಗೆ ಬೆಳ್ಳಗಾಗುತ್ತದೆ.

ಮಳೆ ಬಿಸಿಲು ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆಯಂತೆ. ನಮ್ಮ ಹಿತ್ತಲಲ್ಲಿ ಅದೇ ಮುಹೂರ್ತಕ್ಕೆ ಸಿಹಿಗುಂಬಳದ ಮದುವೆ. ಸುರಿಯುವ ಮಳೆಯಲ್ಲಿ ಜೇನು ಹೊರಗೆ ಬಾರದು, ಕುಂಬಳದ ಹೂವೋ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡಿಕೊಳ್ಳುವ ಜಾತಿ. ಹೀಗಾಗಿ ಪೌರೋಹಿತ್ಯ ನನ್ನದು. ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗಂಡು ಹೂ ಕೀಳಬೇಕು, ದಳ ಬಿಡಿಸಿ ಒಳಗಿನ ಹಳದಿ ಕಡ್ಡಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ತೊಟ್ಟಿನ ಬಳಿ ಗೋಲಿಯಷ್ಟು ಕಾಯಿ ಹೊತ್ತಿರುವುದೇ ಹೆಣ್ಣು ಹೂ. ಅದರ ನಡುವಿಗೆ ಹಳದಿ ಪುಡಿ ಹಗುರಾಗಿ ಸವರಬೇಕು. ಪುಡಿ ಒದ್ದೆಯಾದರೆ ಲಗ್ನ ಕೆಟ್ಟಿತು. ಅಷ್ಟರಲ್ಲಿ ಒಳಗಿನಿಂದ ನಮ್ಮನೆಯವಳು, "ಭಟ್ರೇ, ಮಂತ್ರ ಮುಗೀತಾ? ದೋಸೆ ತಣ್ಣಗಾಗ್ತಿದೆ" ಎನ್ನುತ್ತಾಳೆ. ದಕ್ಷಿಣೆಯ ಮಾತು ಕೇಳಬೇಡಿ. ಅದನ್ನು ಉಂಬಳವೇ ನನ್ನ ಕಾಲಿನಿಂದ ವಸೂಲು ಮಾಡಿಕೊಂಡಿರುತ್ತದೆ.

ಹೊಳವಿಗೆ ಕಾಯುವುದರಲ್ಲಿ ನಾನೊಬ್ಬನೇ ಅಲ್ಲ. ಹಿತ್ತಲಿಗೆ ತಾಗಿದ ತೋಟದಲ್ಲಿ ಅಡಿಕೆಗೆ ಮದ್ದು ಹೊಡೆಯಲು ಕೊನೆಗೌಡರೂ ಆಕಾಶ ನೋಡುತ್ತಿರುತ್ತಾರೆ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು: ಇದೇ ನಮ್ಮ ಬೋರ್ಡೋ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ಸಾರಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ನಮ್ಮವರಿಗೆ ರೂಢಿ ಮಾಡಿಸಿದರು. ದ್ರಾಕ್ಷಿ ಕಳ್ಳರಿಂದ ಅಡಿಕೆ ಉಳಿಯಿತು! ನಮ್ಮ ಪೇರಲೆಗೂ ಒಂದು ಕೈ ಬಳಿಯೋಣವೆಂದರೆ, ನಮ್ಮೂರ ಮಂಗಗಳು ಸುಣ್ಣಕ್ಕೆ ಹೆದರುವಷ್ಟು ಸಂಭಾವಿತರಲ್ಲ.

ಇಷ್ಟೆಲ್ಲ ಕಾವಲಿದ್ದು ಬೆಳೆದ ಬೆಂಡೆ ಶ್ರಾವಣದಲ್ಲಿ ಒಂದು ಸಾರಿಯ ಹುಳಿಗಾಗುತ್ತದೆ. ಒಳ್ಳೆಯ ಮಡಿಗಳಲ್ಲಿ ಅರ್ಧ ಹೇಗೂ ನಮ್ಮನೆಯವಳ ಡೇರೆ ಗಿಡಗಳ ಪಾಲು. ಮಳೆನೀರು ಕುಡಿದು ಭಾರವಾದ ಆ ಹೂಗಳ ಕತ್ತು ಮುರಿಯದಂತೆ ಅಡಿಕೆ ದಬ್ಬೆಯ ಊರುಗೋಲು ಬೇರೆ. ಹೀಗೆ ನೆಟ್ಟವೆಲ್ಲ ಉಪಚಾರ ಬೇಡುತ್ತಿರುವಾಗ, ಬಚ್ಚಲ ನೀರು ಹರಿಯುವಲ್ಲಿ ಯಾರೂ ನೆಡದ ಕೆಸು ಮೊರದಗಲದ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಅದಕ್ಕೆ ಮಳೆಯಾದರೂ ಸೈ, ಹೊಳವಾದರೂ ಸೈ. ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ, ಸರಿ. ಹುಣಸೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಿದರೆ ಪತ್ರೊಡೆ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಕರಕಲಿ.

ಆಗಸ್ಟ್ ಕೊನೆಯ ಹೊತ್ತಿಗೆ ಅತ್ತಿಗೆ ಪತ್ರೊಡೆಯ ಪಾಲಿಗೆ ಬಂದು ಜಗಲಿಯಲ್ಲಿ ಕೂತು ಪಂಚಾಂಗ ಬಿಚ್ಚುತ್ತಾರೆ: "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ಮಳೆಯ ಭಾಗ ನನ್ನ ಕೈಯಲ್ಲಿಲ್ಲ. ಉಳಿದರ್ಧವನ್ನು ಒಂದು ವರ್ಷವೂ ತಪ್ಪಿಸಿಲ್ಲ.