ಚೀಟಿ ಮೇಷ್ಟ್ರು

ಸರ್ಕಾರಿ ಪ್ರೌಢಶಾಲೆಯ ಸ್ಟಾಫ್ ರೂಮಿನಲ್ಲಿ ಇಂಗ್ಲಿಷಿನ ಚೀಟಿ ಮೇಷ್ಟ್ರು ಯಾರೆಂದು ಕೇಳಬೇಕಾಗಿಲ್ಲ, ಅವರ ಜೇಬೇ ಹೇಳುತ್ತದೆ. ಅದರಲ್ಲಿ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿದ ಚೀಟಿಗಳ ಕಂತೆ. ಒಂದು ಮಗ್ಗುಲಿಗೆ ‘ಚಿ. ಸೌ.’, ಇನ್ನೊಂದಕ್ಕೆ ಸ್ಕೆಚ್ ಪೆನ್ನಿನಲ್ಲಿ ಬರೆದ ‘ಪೋಸ್ಟ್‌ಮನ್’. ಮದುವೆಗೆ ಕರೆಯಲು ಬಂದವರು ಮುಹೂರ್ತ ಹೇಳುತ್ತಿದ್ದರೆ ಇವರು ಕಾಗದ ಎಷ್ಟು ದಪ್ಪವಿದೆಯೆಂದು ಬೆರಳಲ್ಲೇ ಅಳೆಯುತ್ತಾರೆ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿಂದ ಉಳಿದವರು ಟಿ.ಎ. ಬಿಲ್ಲು ತಂದರೆ, ಇವರು ಒಂದು ಆಟ ತಂದಿದ್ದಾರೆ. ಚೀಟಿ ಎತ್ತಿದ ಹುಡುಗ ಅದರಲ್ಲಿರುವ ಹೆಸರು ಹೇಳದೆ, ‘ದಿಸ್ ಈಸ್ ಎ ಪರ್ಸನ್ ಹೂ...’ ಎಂದು ಶುರುಮಾಡಿ ವರ್ಣಿಸಬೇಕು; ಅವನ ತಂಡ ಊಹಿಸಬೇಕು. ‘...ಹೂ ಷೌಟ್ಸ್ ಆಲ್ ಡೇ’ ಎಂದ ಕೂಡಲೇ ಇಡೀ ತರಗತಿ ‘ಹೆಡ್ಮಾಸ್ಟರ್!’ ಎಂದು ಕೂಗುತ್ತದೆ. ಚೀಟಿಯಲ್ಲಿದ್ದದ್ದು ಬಸ್ ಕಂಡಕ್ಟರ್.

ಇದನ್ನು ಮಕ್ಕಳಾಟವೆಂದು ನಗುವವರು ರಿಲೇಟಿವ್ ಪ್ರೊನೌನ್ ನಮ್ಮ ಮಕ್ಕಳಿಗೆ ಎಷ್ಟು ಅಪರಿಚಿತವೆಂದು ಯೋಚಿಸುವುದಿಲ್ಲ. ‘ನಿನ್ನೆ ಬಂದ ಹುಡುಗ’ ಎನ್ನುವಾಗ ಕನ್ನಡ ವರ್ಣನೆಯನ್ನೆಲ್ಲ ಮೊದಲೇ ಮುಗಿಸಿ ಆಮೇಲೆ ಹುಡುಗನನ್ನು ಕರೆತರುತ್ತದೆ. ಇಂಗ್ಲಿಷ್ ಹುಡುಗನನ್ನು ಮೊದಲು ನಿಲ್ಲಿಸಿ, ‘ಹೂ’ ಎಂಬ ಕೊಂಡಿ ಹಾಕಿ, ಅವನ ಪ್ರವರವನ್ನು ಹಿಂದಿನಿಂದ ಹೇಳುತ್ತದೆ. ಹಾಗಾದರೆ ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಥ ವಾಕ್ಯಗಳ ತಪ್ಪುಗಳು ರಾಶಿಗಟ್ಟಲೆ ಇರಬೇಕಲ್ಲ? ಇರದಿದ್ದರೆ ಅದು ಖುಷಿಪಡುವ ವಿಷಯವಲ್ಲ. 1974ರಲ್ಲಿ ಜಾಕ್ವೆಲಿನ್ ಶಾಕ್ಟರ್ ಎಂಬ ಭಾಷಾವಿಜ್ಞಾನಿ ಇಂಗ್ಲಿಷ್ ಕಲಿಯುವವರ ಪ್ರಬಂಧಗಳನ್ನು ಹೋಲಿಸಿ ನೋಡಿದರು. ಚೀನೀ, ಜಪಾನೀ ವಿದ್ಯಾರ್ಥಿಗಳು ಇಂಥ ವಾಕ್ಯಗಳಲ್ಲಿ ಪರ್ಷಿಯನ್, ಅರಬ್ಬೀ ವಿದ್ಯಾರ್ಥಿಗಳಿಗಿಂತ ಕಡಿಮೆ ತಪ್ಪು ಮಾಡಿದ್ದರು. ಕಾರಣ ಸರಳ: ಅವರು ಅಂಥ ವಾಕ್ಯಗಳನ್ನು ಬರೆದದ್ದೇ ಕಡಿಮೆ. ಅವರ ಭಾಷೆಗಳಲ್ಲೂ ಕನ್ನಡದಂತೆ ವರ್ಣನೆ ಮೊದಲು, ಹೆಸರು ಆಮೇಲೆ. ನೀರಿಗಿಳಿಯದವನು ಮುಳುಗುವುದಿಲ್ಲ, ಈಜುವುದೂ ಇಲ್ಲ. ಚೀಟಿ ಆಟದ ಗುಟ್ಟು ಇರುವುದು ಇಲ್ಲೇ. ‘ದಿಸ್ ಈಸ್ ಎ ಪರ್ಸನ್. ಹೀ ಬ್ರಿಂಗ್ಸ್ ಲೆಟರ್ಸ್’ ಎಂದು ಜಾರಿಕೊಳ್ಳುವ ಜಾಣನಿಗೆ ಪಾಯಿಂಟು ಇಲ್ಲ. ಇಲ್ಲಿ ‘ಹೂ’ ಎನ್ನದೆ ಗತಿಯಿಲ್ಲ.

ಗದ್ದಲವಾಗುತ್ತದೆ ಎಂಬ ದೂರು ನಿಜ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು, ‘ಏನ್ರೀ, ನಿಮ್ಮ ಪೋಸ್ಟ್‌ಮನ್ ಕೂಗಾಟಕ್ಕೆ ನಮ್ಮ ಪೈಥಾಗೊರಸ್ ಊರು ಬಿಟ್ಟ’ ಎಂದರೆ ತಪ್ಪಿಲ್ಲ. ಆದರೆ ನಲವತ್ತು ಮಕ್ಕಳು ಬಾಯಿಬಿಟ್ಟು ಭಾಷೆ ಕಲಿಯುವಾಗ ಸದ್ದಾಗದಿದ್ದರೇ ಅನುಮಾನಪಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಬರೆಯಬೇಕಲ್ಲ, ಕೂಗಿದರೆ ಅಂಕ ಬರುತ್ತದೆಯೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದಕ್ಕೇ ಬಲ್ಲ ಮೇಷ್ಟ್ರು ಬೆಲ್ಲಿಗೆ ಹತ್ತು ನಿಮಿಷ ಮುಂಚೆ ಆಟ ನಿಲ್ಲಿಸಿ, ಆಡಿದ ವಾಕ್ಯಗಳನ್ನೆಲ್ಲ ಬರೆಸುತ್ತಾರೆ. ಮಕ್ಕಳು ಎಲ್ಲದಕ್ಕೂ ‘ಹೂ’ ಒಂದನ್ನೇ ಅಂಟಿಸುತ್ತಾರೆ ಎಂಬ ಮಾತಿಗೂ ಉತ್ತರವಿದೆ. ಭಾಷಾವಿಜ್ಞಾನಿಗಳಾದ ಕೀನನ್ ಮತ್ತು ಕಾಮ್ರಿ 1977ರಲ್ಲಿ ಹಲವು ಭಾಷೆಗಳನ್ನು ಹೋಲಿಸಿ ಇಂಥ ವಾಕ್ಯಗಳಿಗೆ ತೋರಿಸಿದ ಮೆಟ್ಟಿಲುಗಳಲ್ಲಿ ಕರ್ತೃ ಮೊದಲು, ಆಮೇಲೆ ಕರ್ಮ, ‘ಹೂಸ್’ ಬಹಳ ಕೆಳಗೆ. ಚೀಟಿಗಳನ್ನೂ ಅದೇ ಕ್ರಮದಲ್ಲಿ ಜೋಡಿಸಬಹುದು: ಮೊದಲ ವಾರ ಕಂಡಕ್ಟರ್, ಮುಂದಿನ ವಾರ ನಾವು ತಿನ್ನುವ ಇಡ್ಲಿ, ಕೊನೆಗೆ ಎಮ್ಮೆ ಕಳೆದುಕೊಂಡವನು.

ಆಟವೊಂದೇ ಸಾಕು ಎಂದುಕೊಂಡ ದಿನ ಚೀಟಿ ಮೇಷ್ಟ್ರು ಸೋಲುತ್ತಾರೆ. ನಿಯಮ ವಿವರಿಸುವ ಹಲಗೆ, ಬಳಪ ಇವರಿಗೂ ಬೇಕು. ಆದರೆ ನಿಯಮವನ್ನು ಹಲಗೆಯ ಮೇಲೆ ಬರೆದು ಅಲ್ಲೇ ಬಿಟ್ಟು ಹೋಗುವ ಮೇಷ್ಟ್ರಿಗಿಂತ, ಅದನ್ನು ಮಕ್ಕಳ ಬಾಯಿಗೆ ದಾಟಿಸುವ ಈ ಮೇಷ್ಟ್ರೇ ವಾಸಿ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ರದ್ದಿಗೆ ಹಾಕಬೇಡಿ, ಹತ್ತಿರದ ಹೈಸ್ಕೂಲಿಗೆ ಕೊಟ್ಟು ಬನ್ನಿ.