ಬೂದು ಅಂಗಿ ಪ್ರಸಂಗ

"ಇದೇನೋ, ಮತ್ತೊಂದು ಜೆರ್ಸಿ?"

"ಥರ್ಡ್ ಕಿಟ್ ದೊಡ್ಡಪ್ಪ. ಹೋಮ್ ಕಿಟ್, ಅವೇ ಕಿಟ್ ಆಗಲೇ ಇವೆಯಲ್ಲ."

"ಆಡೋದು ಒಂದೇ ಆಟ. ಮೂರು ಬಣ್ಣ ಯಾಕೋ?"

"ಎದುರು ಟೀಮಿನ ಬಣ್ಣದ ಜೊತೆ ಕಲಸಿಹೋಗಬಾರದು ಅಂತ."

"ಎದುರು ಟೀಮು ಹಾಗಿರಲಿ, 1996ರಲ್ಲಿ ಸೌತಾಂಪ್ಟನ್‌ನಲ್ಲಿ ನಿಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ನೋರು ಬೂದು ಅಂಗಿ ತೊಟ್ಟು ಇಳಿದರಲ್ಲ, ಏನಾಯ್ತು?"

(ದೊಡ್ಡಪ್ಪನಿಗೆ ಗೊತ್ತಿರುವ ಫುಟ್‌ಬಾಲ್ ಅಂದರೆ ಇಂಥ ಅಂಗಿ ಕತೆಗಳಷ್ಟೇ. ಅವನ್ನೇ ಪ್ರತಿ ಹಬ್ಬಕ್ಕೂ ಬಡಿಸುತ್ತಾರೆ.)

"ಅರ್ಧ ಆಟಕ್ಕೆ 3-0 ಹಿಂದೆ. ಮ್ಯಾನೇಜರ್ ಫರ್ಗುಸನ್ ಅಂಗಿ ಬದಲಾಯಿಸಿಬಿಟ್ಟರು. ಜನರ ಗುಂಪಿನ ಎದುರಿಗೆ ನಮ್ಮೋರೇ ನಮ್ಮೋರಿಗೆ ಕಾಣಲಿಲ್ಲವಂತೆ."

"ಸೌತಾಂಪ್ಟನ್‌ನೋರಿಗೆ ಮಾತ್ರ ಚೆನ್ನಾಗೇ ಕಂಡರು!"

"ನೀಲಿ-ಬಿಳಿ ಹಾಕಿದ ಮೇಲೆ ಒಂದು ಗೋಲು ಹೊಡೆದ್ರು."

"ಕೊನೆಗೆ?"

"3-1. ಸೋತರು."

"ಅಂದರೆ ಅಂಗಿಯದು ಒಂದು ಗೋಲಿನಷ್ಟು ತಪ್ಪು. ಮಿಕ್ಕಿದ್ದು?"

"ಏನೇ ಅನ್ನಿ, ಆ ಸಲದ ಲೀಗ್ ಗೆದ್ದಿದ್ದು ನಾವೇ."

"ಸರಿ, ಬಣ್ಣದ ಮಾತು ಬಂತಲ್ಲ, ಕಾರ್ಡಿಫ್ ಸಿಟಿ ಕ್ಲಬ್ ವಿಷಯ ಹೇಳು. ಅಡ್ಡಹೆಸರು ಬ್ಲೂಬರ್ಡ್ಸ್, 2012ರಲ್ಲಿ ಮಾಲೀಕ ಹೊದಿಸಿದ್ದು ಕೆಂಪು!"

"ಏಷ್ಯಾದ ಮಾರುಕಟ್ಟೆಗೆ ಕೆಂಪೇ ಚೆನ್ನ ಅಂದರಂತೆ. ಜನ ಗಲಾಟೆ ಮಾಡಿದ ಮೇಲೆ 2015ರಲ್ಲಿ ಮತ್ತೆ ನೀಲಿ."

"ಹೋಗುವಾಗಲೂ ವ್ಯಾಪಾರ, ಬರುವಾಗಲೂ ವ್ಯಾಪಾರ! ಅದಿರಲಿ, ಇದಕ್ಕೆಷ್ಟು ಕೊಟ್ಟೆ?"

"ಫುಟ್‌ಪಾತ್‌ನಲ್ಲಿ ಮುನ್ನೂರು. ಅಸಲಿ ಅಲ್ಲ."

"ಹಾಗಾದರೆ ನನಗೂ ಒಂದು ತಾ, ಎಕ್ಸೆಲ್ ಸೈಜು."

"ಯಾವ ಬಣ್ಣ?"

"ಬೂದು ಸಿಗುತ್ತಾ ನೋಡು. ನಿಮ್ಮ ದೊಡ್ಡಮ್ಮನ ಕಣ್ಣಿಗೆ ಬೀಳದ ಹಾಗೆ ಮಸಾಲೆದೋಸೆ ತಿಂದು ಬರಬಹುದು."